ಕಡಲಿಲ್ಲದ ಸೀಮೆಯಲ್ಲಿ ನೀರಿನ ವಿಹಾರ

ರಜೆಯ ದಿನಗಳು ಒದಗಿದೊಡನೆ ನಗರವಾಸಿಗಳ ಮನಸ್ಸು ಸಮುದ್ರತೀರದ ಕಡೆಗೆ ಓಡುವುದು ಸಹಜವೇ ಆಗಿದೆ. ಕಾರವಾರ, ಗೋಕರ್ಣ, ಮಲ್ಪೆ, ಉಳ್ಳಾಲಗಳ ಮರಳದಂಡೆಯಲ್ಲಿ ಅಲೆದಾಡಿ, ದೋಣಿಯೇರಿ, ಅಲೆಗಳಲ್ಲಿ ಮಿಂದು ಬರುವ ಸುಖವನ್ನು ಅಲ್ಲಗಳೆಯುವವರಾರು? ಆದರೆ ಅಷ್ಟು ದೂರ ಹೋಗಲು ಬಿಡುವಿಲ್ಲವೆಂದು ಮೈಸೂರು ಬೆಂಗಳೂರುಗಳ ಜನ ಮನೆಯಲ್ಲಿಯೇ ಕುಳಿತುಬಿಡುವುದು ಮಾತ್ರ ಒಪ್ಪತಕ್ಕುದಲ್ಲ. ದೋಣಿ, ಮರಳು, ನೀರುಹಕ್ಕಿ, ಬಂಡೆ, ತಂಗಾಳಿ ಇವೆಲ್ಲವೂ ಕಾವೇರಿ ಹೇಮಾವತಿಗಳ ದಡದಲ್ಲಿಯೂ ಉಂಟು. ಉಪ್ಪುನೀರೊಂದೇ ಇಲ್ಲ.

ಶ್ರೀರಂಗಪಟ್ಟಣವು ಒಂದು ದ್ವೀಪವೆಂಬುದು ತಮಗೆಲ್ಲರಿಗೂ ತಿಳಿದ ವಿಷಯ. ಊರಿನ ಪಶ್ಚಿಮಕ್ಕೆ ಎರಡು ಕವಲಾಗಿ ಒಡೆದ ಕಾವೇರಿಯು ಊರನ್ನು ಬಳಸಿಕೊಂಡು ಹೋಗಿ, ಪೂರ್ವದಲ್ಲಿ ಗುಂಬಜಿನಿಂದಾಚೆ ಸಂಗಮದಲ್ಲಿ ಮತ್ತೆ ಕೂಡಿಕೊಳ್ಳುತ್ತಾಳೆ. ಇಲ್ಲಿಗೆ ಬರುವವರು ದೇವಾಲಯವನ್ನೂ ಕೋಟೆಯನ್ನೂ 1784ರ ದರಿಯಾ ದೌಲತ್ತನ್ನೂ ಅವಸರದಿಂದ ನೋಡಿ, ಸಂಜೆಯ ರೈಲಿಗೋ ಬಸ್ಸಿಗೋ ಓಡುತ್ತಾರೆ. ಈ ಎಲ್ಲಕ್ಕೂ ಕಾರಣಳಾದ ನದಿಯನ್ನು ಸೇತುವೆಯ ಮೇಲಿನಿಂದ ಕಂಡರೆ ಕಂಡಂತೆ, ಇಲ್ಲದಿದ್ದರೆ ಇಲ್ಲ. ನದಿಗಾಗಿಯೇ ಎರಡು ದಿನ ಮೀಸಲಿಡುವವರಿಗೆ ಈ ಕೆಲವು ಮಾತುಗಳು.

ಮೊದಲು ರಂಗನತಿಟ್ಟು. ತಿಟ್ಟು ಎಂದರೆ ದಿಬ್ಬ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನದಿಗೆ ಅಡ್ಡಕಟ್ಟೆಯನ್ನು ಹಾಕಿದಾಗ ಹಿನ್ನೀರು ಹರಡಿ, ನಡುವೆ ಈ ದಿಬ್ಬಗಳು ನಡುಗಡ್ಡೆಗಳಾಗಿ ಉಳಿದುವೆಂದು ಹೇಳುವರು. ಗದ್ದೆಗಳಿಗೆ ನೀರುಣಿಸಲೆಂದು ಕಟ್ಟಿದ ಕಟ್ಟೆಯು ಹಕ್ಕಿಗಳಿಗೆ ಮನೆ ಮಾಡಿಕೊಟ್ಟಿತು! ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಪರಿಶೀಲಿಸುತ್ತ ಇಲ್ಲಿಗೆ ಬಂದು, ಈ ತಾಣದ ಬೆಲೆಯನ್ನು ಅರಿತು ಅರಮನೆಗೆ ಬಿನ್ನವಿಸಿದ ಮೇಲೆ, 1940ರಲ್ಲಿ ಇದು ರಕ್ಷಿತ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಜಗತ್ತಿನ ಮುಖ್ಯವಾದ ಜಲಭೂಮಿಗಳಲ್ಲಿ ಒಂದೆನಿಸಿದೆ.

ಹಕ್ಕಿಗಳು ಈ ತಿಟ್ಟುಗಳನ್ನೇ ಆರಿಸಿಕೊಂಡುದು ಏತಕ್ಕೆ? ಸುತ್ತಲೂ ನೀರಿರುವುದರಿಂದ ಬೆಕ್ಕು, ನಾಯಿ, ನರಿಗಳು ಗೂಡಿನ ಬಳಿಗೆ ಸುಲಭವಾಗಿ ಬರಲಾರವು. ಬಿದಿರು, ಹೊಳೆಮತ್ತಿ, ಕೇದಗೆಗಳ ಪೊದೆಗಳು ಗೂಡಿಗೆ ಆಧಾರ. ಮರಿಗಳಿಗೆ ಬೇಕಾದ ಮೀನು, ಏಡಿ, ಬಸವನಹುಳುಗಳು ನದಿಯಲ್ಲಿಯೂ ಸುತ್ತಣ ಗದ್ದೆಗಳಲ್ಲಿಯೂ ದೊರೆಯುತ್ತವೆ. ಅರಣ್ಯ ಇಲಾಖೆಯ ಅಂಬಿಗರು ಹುಟ್ಟು ಹಾಕುವ ದೋಣಿಯಲ್ಲಿ ಕುಳಿತು ಮಾತಾಡದೆ ನೋಡಿದರೆ, ಪ್ರತಿಯೊಂದು ಹಕ್ಕಿಯೂ ತನ್ನ ಕೊಕ್ಕಿಗೆ ತಕ್ಕ ಕಸುಬನ್ನು ಹಿಡಿದಿರುವುದು ಕಾಣುತ್ತದೆ. ಬಾಯ್ಕಳಕ ಕೊಕ್ಕರೆಯ ಕೊಕ್ಕು ತುದಿಯಲ್ಲಿ ಮಾತ್ರ ಕೂಡಿ ನಡುವೆ ಬಿರುಕು ಬಿಟ್ಟಿರುತ್ತದೆ. ಚಿಪ್ಪಿನಿಂದ ಬಸವನಹುಳುವನ್ನು ಬಿಡಿಸಿ ತಿನ್ನುವುದರಲ್ಲಿ ಅದಕ್ಕೆ ಎಣೆಯಿಲ್ಲ. ಬಣ್ಣದ ಕೊಕ್ಕರೆಯು ಅರೆತೆರೆದ ಕೊಕ್ಕನ್ನು ಕಲಕುನೀರಿನಲ್ಲಿ ಅದ್ದಿ ನಿಲ್ಲುತ್ತದೆ. ಅದು ಕಣ್ಣಿನಿಂದ ಬೇಟೆಯಾಡುವುದಿಲ್ಲ. ಮೀನು ತಾಗಿದ ಕ್ಷಣವೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಚಮಚದ ಕೊಕ್ಕಿನ ಹಕ್ಕಿಯು ನೀರನ್ನು ಎಡಕ್ಕೂ ಬಲಕ್ಕೂ ಸವರುತ್ತ ನಡೆಯುತ್ತದೆ. ಹಾವಕ್ಕಿಗೆ ಕೊಕ್ಕೇ ಈಟಿ. ಅದರ ಗರಿಗಳು ನೀರನ್ನು ಹೀರಿಕೊಳ್ಳುವುದರಿಂದ ಮುಳುಗಿ ಬೇಟೆಯಾಡುವುದು ಸುಲಭ. ಅದಕ್ಕೆ ತೆರಬೇಕಾದ ಬೆಲೆಯೆಂದರೆ, ಆಮೇಲೆ ರೆಕ್ಕೆ ಬಿಚ್ಚಿ ಬಹಳ ಹೊತ್ತು ಬಿಸಿಲು ಕಾಯಿಸುವುದು. ಅಗಸನ ಹಗ್ಗದ ಮೇಲಿನ ಬಟ್ಟೆಯಂತೆ ಅದು ಕುಳಿತಿರುವುದನ್ನು ನೋಡಿ ನಗದವರಿಲ್ಲ. ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳು ಮಾತ್ರ ಯಾರನ್ನೂ ನಗಿಸುವುದಿಲ್ಲ. ದೋಣಿಯ ಅಂಚಿನಿಂದ ಕೈ ಇಳಿಬಿಡಬಾರದೆಂದು ಅಂಬಿಗನು ಹೇಳಿದರೆ ಅದನ್ನು ವಿನೋದವೆಂದು ತಿಳಿಯತಕ್ಕದ್ದಲ್ಲ.

ಮುಂಜಾನೆಯಲ್ಲಿ ಅಥವಾ ಸಂಜೆಗೆ ಹೋಗುವುದು ಮೇಲು. ಚಳಿಗಾಲದಲ್ಲಿ ವಲಸೆಯ ಹಕ್ಕಿಗಳು ಬಂದು ಸೇರುತ್ತವೆ; ಅನಂತರ ಮಳೆಗಾಲದವರೆಗೂ ಒಂದಲ್ಲ ಒಂದು ಜಾತಿಯ ಗೂಡಿನ ಸಂಸಾರ ನಡೆದಿರುತ್ತದೆ. ಆದರೆ ಮಳೆಗಾಲದಲ್ಲಿ ಒಂದು ತೊಡಕುಂಟು. ಮೇಲಿನ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳೇ ಮುಳುಗಿ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ; ದೋಣಿವಿಹಾರ ನಿಂತುಹೋಗುತ್ತದೆ. 2018 ಮತ್ತು 2019ರ ಮಳೆಗಾಲಗಳಲ್ಲಿ ಹೀಗಾಯಿತು.

ಇಲ್ಲಿಯೇ, ವಿಹಾರಕ್ಕೆ ಹೊರಟವರು ಬಹುಮಟ್ಟಿಗೆ ಗಮನಿಸದ ಒಂದು ವಿಷಯವನ್ನು ವಿವರವಾಗಿ ಹೇಳಬೇಕಾಗಿದೆ. ಸಮುದ್ರವು ತನ್ನ ಅಪಾಯವನ್ನು ಗರ್ಜಿಸಿ ತಿಳಿಸುತ್ತದೆ. ನದಿಯು ಹಾಗಲ್ಲ. ಕಾವೇರಿಯ ಪ್ರವಾಹಕ್ಕೆ ಕಾರಣವಾದ ಮಳೆ ಬೀಳುವುದು ಕೊಡಗಿನಲ್ಲಿ. ಜುಲೈ ಆಗಸ್ಟ್ ತಿಂಗಳಲ್ಲಿ ಅಲ್ಲಿ ಹಗಲಿರುಳು ಸುರಿಯುತ್ತಿದ್ದರೂ ಶ್ರೀರಂಗಪಟ್ಟಣದ ಆಕಾಶವು ತಿಳಿಯಾಗಿರಬಹುದು. ಈ ಸೀಮೆಯ ಒಳ್ಳೆಯ ಮಳೆ ಸೆಪ್ಟೆಂಬರ್ ಅಕ್ಟೋಬರುಗಳದು. ಆದುದರಿಂದ ತಲೆಯ ಮೇಲೆ ಬಿಸಿಲಿದೆಯೆಂದು ನಂಬಿ ನಡುಹೊಳೆಯ ಬಂಡೆಯ ಮೇಲೆ ಬುತ್ತಿ ಬಿಚ್ಚಿದವರು, ಊಟ ಮುಗಿಯುವುದರೊಳಗಾಗಿ ದಡದಿಂದ ಬೇರೆಯಾಗಬಹುದು. ನೀರು ಬಿಡುವ ಮುನ್ನ ಅಧಿಕಾರಿಗಳು ಕೊಡುವ ಎಚ್ಚರಿಕೆಯು ಪ್ರವಾಸಿಗರಿಗೂ ಸಲ್ಲುತ್ತದೆ.

ಬಲಮುರಿ ಎಡಮುರಿಗಳಲ್ಲಿ ಅಪಾಯದ ಬಗೆಯೇ ಬೇರೆ. ಅಲ್ಲಿ ನೀರು ಅಗಲವಾದ ಕಟ್ಟೆಯ ಮೇಲೆ ತೆಳುವಾಗಿ ಹರಿದು ಇಳಿಯುತ್ತದೆ. ನೋಡುವುದಕ್ಕೆ ಮಕ್ಕಳಾಟದ ಸ್ಥಳ. ಆದರೆ ಬೀಳುವ ನೀರು ಕಟ್ಟೆಯ ಬುಡವನ್ನು ಕೊರೆದು ಗುಂಡಿ ಮಾಡಿರುತ್ತದೆ. ಧುಮುಕಿದ ನೀರು ತಳಕ್ಕೆ ಹೋಗಿ, ಮೇಲೆದ್ದು, ಮೇಲ್ಭಾಗದಲ್ಲಿ ಕಟ್ಟೆಯ ಕಡೆಗೇ ಹಿಂದಿರುಗುತ್ತದೆ. ಅದರಲ್ಲಿ ಸಿಕ್ಕವನು ದಡದ ಕಡೆಗೆ ಎಷ್ಟು ಕೈ ಬಡಿದರೂ ಸುಳಿಯು ಅವನನ್ನು ಬೀಳುನೀರಿನ ಕೆಳಕ್ಕೇ ಮತ್ತೆ ಮತ್ತೆ ಎಳೆಯುತ್ತದೆ. ಒಳ್ಳೆಯ ಈಜುಗಾರರೂ ಇದರಲ್ಲಿ ಸೋಲುವರು. ಇದಕ್ಕೆ ಪಾಚಿ ಕಟ್ಟಿದ ಕಲ್ಲುಗಳನ್ನು ಸೇರಿಸಿದರೆ ಅಪಾಯವು ಪೂರ್ಣವಾಯಿತು. ಪ್ರತಿ ವರ್ಷವೂ ಈ ದಡಗಳಿಂದ ಕೆಲವು ಮನೆಗಳಿಗೆ ದುಃಖದ ವಾರ್ತೆ ಹೋಗುತ್ತಿದೆ. ಹೋದವರಲ್ಲಿ ವಿದ್ಯಾರ್ಥಿಗಳೇ ಹೆಚ್ಚು. ಒಬ್ಬನು ಮುಳುಗುವುದನ್ನು ಕಂಡು ಈಜು ಬಾರದ ಗೆಳೆಯನು ಹಾರುವುದರಿಂದ ಒಂದು ಜೀವದ ಬದಲು ಎರಡು ಜೀವಗಳು ಹೋಗುತ್ತವೆ. ಸೀರೆ, ಪಂಚೆ, ಹಗ್ಗ, ಉದ್ದನೆಯ ಗಳ, ಕೈಗೆ ಸಿಕ್ಕಿದುದನ್ನು ದಡದಿಂದಲೇ ಎಸೆಯಬೇಕು, ಊರವರನ್ನು ಕೂಗಬೇಕು. ಮೀಯಲೇಬೇಕೆಂಬ ಆಸೆಯಿದ್ದವರು ಸ್ಥಳೀಯರು ಮೀಯುವ ಸೋಪಾನದಲ್ಲಿ, ಸೊಂಟದ ನೀರಿನಲ್ಲಿ ಮೀಯಲಿ. ಊರಿನವರು ಇಳಿಯದ ಕಡೆ ನಾವು ಇಳಿಯಬಾರದು.

ನೀರಿನ ಮೇಲೆ ಹೋಗುವ ಆಸೆಯಿದ್ದವರಿಗೆ ಹರಿಗೋಲಿದೆ. ಬಿದಿರ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಹೊದಿಕೆಗೆ ಟಾರು ಬಳಿಯುತ್ತಾರೆ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ತಳವು ಚಪ್ಪಟೆಯಾಗಿರುವುದರಿಂದ ಗೇಣುದ್ದ ನೀರಿದ್ದರೂ ತೇಲುತ್ತದೆ. ಕಲ್ಲುಬಂಡೆಗಳಿಂದ ತುಂಬಿದ ನಮ್ಮ ಹೊಳೆಗಳಿಗೆ ಇದಕ್ಕಿಂತ ತಕ್ಕ ವಾಹನವಿಲ್ಲ. ಆದರೆ ಒಬ್ಬರು ಎದ್ದು ನಿಂತರೆ ಎಲ್ಲರ ಭಾರವೂ ಒಂದು ಬದಿಗೆ ವಾಲುತ್ತದೆ. ಜೀವರಕ್ಷಕ ಕವಚವನ್ನು ಕೊಡದ ಅಂಬಿಗನ ಹರಿಗೋಲನ್ನು ಏರದಿರುವುದೇ ಲೇಸು.

ಬೆಟ್ಟದ ಪ್ರಿಯರಿಗೆ ಕರಿಘಟ್ಟವು ಹತ್ತಿರದಲ್ಲಿದೆ. ಅದರ ಮೇಲೆ ನಿಂತರೆ ದ್ವೀಪವೂ, ಕಬ್ಬು ಭತ್ತಗಳ ಹಸುರೂ, ಕೆಳಗೆ ಕಾವೇರಿಯನ್ನು ಸೇರುವ ಲೋಕಪಾವನಿಯೂ ಒಂದೇ ನೋಟಕ್ಕೆ ಕಾಣುತ್ತವೆ. ಪಾಂಡವಪುರದ ಕುಂತಿಬೆಟ್ಟವು ಬರಿಯ ಬಂಡೆ. ಬೆಳಗಿನ ಎಂಟು ಗಂಟೆಯೊಳಗೆ ಹತ್ತಿ ಇಳಿಯಬೇಕು. ಅಲ್ಲಿಗೆ ಸಮೀಪದ ತೊಣ್ಣೂರು ಕೆರೆಯನ್ನು ಮುಸಲ್ಮಾನ ಅರಸರ ಕಾಲದಲ್ಲಿ ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಕರೆದರು. ನೀರಿನ ತಿಳಿಯನ್ನು ಕಂಡವರಿಗೆ ಹೆಸರಿನ ಅರ್ಥವನ್ನು ಹೇಳಬೇಕಾಗಿಲ್ಲ. ಮೇಲುಕೋಟೆಯ ಕುರುಚಲು ಕಾಡು 1974ರಿಂದ ತೋಳಗಳಿಗಾಗಿ ರಕ್ಷಿತವಾಗಿದೆ. ತೋಳವು ಕಣ್ಣಿಗೆ ಬೀಳುವುದು ಭಾಗ್ಯವಿದ್ದವರಿಗೆ ಮಾತ್ರ.

ಜನಸಂದಣಿಯನ್ನು ಒಲ್ಲದವರು ಕೃಷ್ಣರಾಜಪೇಟೆಯ ಕಡೆಗೆ ತಿರುಗಲಿ. ಅಲ್ಲಿ ನದಿ ಹೇಮಾವತಿ. ಹೇಮಗಿರಿಯ ಬಳಿ ಹಳೆಯ ಕಟ್ಟೆಯ ಮೇಲಿನಿಂದ ಅವಳು ಅಗಲವಾಗಿ ಹರಿದು ಬೀಳುವ ನೋಟವು ಮನೋಹರವಾದುದು. ಬಲಮುರಿಗೆ ಹೇಳಿದ ಎಚ್ಚರಿಕೆಯು ಇಲ್ಲಿಗೂ ಅನ್ವಯಿಸುತ್ತದೆ. ಅಂಬಿಗರಹಳ್ಳಿ ಸಂಗಾಪುರಗಳ ಹತ್ತಿರ ಹೇಮಾವತಿ, ಲಕ್ಷ್ಮಣತೀರ್ಥಗಳು ಕಾವೇರಿಯನ್ನು ಕೂಡುವುದು ಜಲಾಶಯದ ಹಿನ್ನೀರಿನಲ್ಲಿ. ಅಲ್ಲಿ ನಿಂತರೆ ಆಚೆಯ ದಡವು ಮಸುಕಾಗಿ, ಗಾಳಿಗೆ ಸಣ್ಣ ಅಲೆಗಳೆದ್ದು, ಕಡಲಿನ ಭ್ರಮೆಯುಂಟಾಗುತ್ತದೆ. ಕಿಕ್ಕೇರಿ, ಶೀಳನೆರೆ ಮೊದಲಾದ ಹೋಬಳಿಗಳಲ್ಲಿ ಪ್ರವಾಸಿಗರಿಗಾಗಿ ಏರ್ಪಡಿಸಿದ ವಿನೋದಗಳೇನೂ ಇಲ್ಲ. ಕೆರೆಯ ಏರಿಯ ಮೇಲೆ ನಡೆಯಬಹುದು, ಅಷ್ಟೆ. ಆದರೆ ಚಳಿಗಾಲದ ಬೆಳಗಿನಲ್ಲಿ ದೂರದರ್ಶಕವೊಂದನ್ನು ಹಿಡಿದು ಅಂತಹ ಏರಿಯ ಮೇಲೆ ಒಂದು ಗಂಟೆ ನಡೆದವರು ಬೇರೆ ವಿನೋದವನ್ನು ಕೇಳಲಾರರು. ಹಿಮಾಲಯದಾಚೆಯಿಂದ ಹೊರಟ ಪಟ್ಟೆತಲೆಯ ಹೆಬ್ಬಾತುಗಳು ಮೈಸೂರು ಸೀಮೆಯ ಕೆಲವು ಕೆರೆಗಳಿಗೆ ಬಂದಿಳಿಯುವುದು ಆ ಕಾಲದಲ್ಲಿಯೇ. ಏರಿಯ ಮೇಲೆ ರೈತರೊಬ್ಬರು ಎದುರಾದರೆ ನಿಂತು ಮಾತನಾಡಿಸಿರಿ. ಯಾವ ಹಕ್ಕಿ ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಬರುವುದೆಂಬುದು ಅವರಿಗೆ ತಿಳಿದಿರುತ್ತದೆ.

ನಾಗಮಂಗಲದ ಕಡೆಗೆ ಹೋಗುವವರಿಗೆ ಆದಿಚುಂಚನಗಿರಿಯ ನವಿಲುಧಾಮವಿದೆ, 1981ರಲ್ಲಿ ಏರ್ಪಟ್ಟುದು. ಅಲ್ಲಿ ಮಧ್ಯಾಹ್ನದಲ್ಲಿ ಅಲೆದು ಪ್ರಯೋಜನವಿಲ್ಲ. ನವಿಲುಗಳು ಬಯಲಿಗೆ ಬರುವುದು ಹೊತ್ತು ಮೂಡುವಾಗ ಮತ್ತು ಇಳಿಯುವಾಗ. ಗಂಡು ಗರಿಗೆದರಿ ಕುಣಿಯುವುದು ಮುಂಗಾರಿನ ದಿನಗಳಲ್ಲಿ. ಆಗಸ್ಟು ತಿಂಗಳು ಕಳೆದ ಮೇಲೆ ಹೋದರೆ ಅದರ ಬಾಲದ ಗರಿಗಳು ಉದುರಿಹೋಗಿರುತ್ತವೆ.