‘ಬಾರ್ಡರ್ ಶುಗರ್’ ಅಂತ ಸುಮ್ಮನಿದ್ದರೆ ಹೃದಯ ಸುಮ್ಮನಿರದು

“ಶುಗರ್ ಏನಿಲ್ಲ, ಬಾರ್ಡರ್‌ನಲ್ಲಿದೆ ಅಷ್ಟೇ.” ರಕ್ತಪರೀಕ್ಷೆಯ ಚೀಟಿ ಹಿಡಿದು ಬಂದವರು ಹೀಗೆಂದರೆ ಮನೆಯವರಿಗೆಲ್ಲ ಸಮಾಧಾನ. ಚೀಟಿ ಕಪಾಟು ಸೇರುತ್ತದೆ, ಚಹಾಕ್ಕೆ ಸಕ್ಕರೆ ಮೊದಲಿನಷ್ಟೇ ಬೀಳುತ್ತದೆ. ಆದರೆ ಬಾರ್ಡರ್ ಎಂಬುದು ಲೆಕ್ಕಕ್ಕಾಗಿ ಎಳೆದ ಗೆರೆ. ಹೃದಯಕ್ಕೆ ಆ ಗೆರೆ ಗೊತ್ತಿಲ್ಲ.

ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 ಅಥವಾ ಎರಡು-ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಪ್ರಿಡಯಾಬಿಟಿಸ್. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 13.6 ಕೋಟಿ ಜನ ಈ ಹಂತದಲ್ಲಿದ್ದಾರೆ.

ಈ ಹಂತದಲ್ಲಿ ದೇಹದಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಜೀವಕೋಶಗಳು ಅದರ ಮಾತು ಸರಿಯಾಗಿ ಕೇಳುವುದಿಲ್ಲ. ರಕ್ತನಾಳಗಳು ನಿಧಾನವಾಗಿ ಬಿಗಿಯಾಗುತ್ತವೆ. ಹೃದಯದ ಎಡ ಕೋಣೆಯ ಗೋಡೆಯೂ ಕೆಲವರಲ್ಲಿ ದಪ್ಪವಾಗಿ ಗಟ್ಟಿಯಾಗುತ್ತದೆ. ಹೃದಯ ಕುಗ್ಗಿ ರಕ್ತ ತಳ್ಳಿದರೆ ಸಾಲದು, ಸಡಿಲಗೊಂಡು ರಕ್ತ ತುಂಬಿಕೊಳ್ಳಲೂ ಬೇಕು. ಮೊದಲು ಕೆಡುವುದು ಹೆಚ್ಚಾಗಿ ಈ ಸಡಿಲಗೊಳ್ಳುವ ಕೆಲಸವೇ. ಎಕೋದಲ್ಲಿ ‘ಪಂಪಿಂಗ್ ಚೆನ್ನಾಗಿದೆ’ ಅಂತ ಬಂದರೂ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಬಹುದು. “ವಯಸ್ಸಾಯ್ತಲ್ಲ” ಎಂದು ತಳ್ಳಿಹಾಕದೆ ವೈದ್ಯರಿಗೆ ಹೇಳಿ.

ಸಂತೋಷದ ವಿಷಯವೂ ಇದೆ. ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ ಇದೇ ಹಂತದ 500ಕ್ಕೂ ಹೆಚ್ಚು ಜನರನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಕೆಲವು ಗುಂಪುಗಳಿಗೆ ಆರು ವರ್ಷ ಊಟದ ಹಿಡಿತ, ವ್ಯಾಯಾಮ ಅಥವಾ ಎರಡನ್ನೂ ರೂಢಿಸಲಾಯಿತು. 30 ವರ್ಷದ ಲೆಕ್ಕ ನೋಡಿದಾಗ, ಅವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಉಳಿದವರಿಗಿಂತ ಶೇ. 26ರಷ್ಟು ಕಡಿಮೆ!

ನಮ್ಮ ಮನೆಗಳಲ್ಲಿ ಆಗುವಂಥದ್ದೇ ಇದು. ಪತ್ತಿರ್, ಬಿರಿಯಾನಿ ಬಿಡಬೇಕೆಂದೇನಿಲ್ಲ. ತಟ್ಟೆಯ ಅರ್ಧ ತರಕಾರಿಗೆ ಬಿಡಿ, ಅನ್ನ ಕಾಲು ಭಾಗಕ್ಕೆ ಇಳಿಯಲಿ. ಸುಲೈಮಾನಿಗೆ ಸಕ್ಕರೆ ಬೇಡ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಮನೆಯ ಹೆಂಗಸರನ್ನೂ ಕರಕೊಂಡು ಹೋಗಿ. ಬೀಡಿ-ಸಿಗರೇಟು ಬಿಡಿ, ಬಿಪಿ ನೋಡಿಸಿಕೊಳ್ಳಿ. ಗಲ್ಫ್‌ನಿಂದ ರಜೆಗೆ ಬಂದವರು ನೆಂಟರ ಮನೆಯ ಊಟ ಶುರುವಾಗುವ ಮೊದಲೇ ಒಮ್ಮೆ ರಕ್ತಪರೀಕ್ಷೆ ಮಾಡಿಸಲಿ. ಕಪಾಟಿನಲ್ಲಿ ಹಳೆಯ ಚೀಟಿ ಇದ್ದರೆ ಇವತ್ತೇ ತೆಗೆದು ನೋಡಿ. ವರ್ಷ ದಾಟಿದ್ದರೆ ಮತ್ತೊಮ್ಮೆ ಪರೀಕ್ಷಿಸುವ ಸಮಯ ಬಂದಿದೆ.