ಸುರಂಗ ಬೇಕು, ಆದರೆ ಲಾರಿಗಳು ಯಾವ ದಾರಿಯಲ್ಲಿ?

ಚಿಕ್ಕೋಡಿ ತಾಲೂಕಿನ ಏಕಸಂಬಿಯ ಕಡೆ ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಗಳತ್ತ ಸಾಲುಗಟ್ಟಿ ಸಾಗುತ್ತವೆ. ಕಾರ್ಖಾನೆ ಬೇಡವೆಂದು ಅಲ್ಲಿನ ರೈತರು ಹೇಳುವುದಿಲ್ಲ. ಆದರೆ ಶಾಲೆ ಬಿಡುವ ಹೊತ್ತಿಗೆ ಅದೇ ರಸ್ತೆಯನ್ನು ದಾಟಬೇಕಾದ ಮಗುವಿನ ತಾಯಿಗೆ ಬೇರೊಂದು ಚಿಂತೆ ಇರುತ್ತದೆ. ಕರಾವಳಿಯ ಪೇಟೆಗಳಲ್ಲಿ ಒಳಚರಂಡಿಗಾಗಿ ರಸ್ತೆ ಅಗೆದಾಗ ನಮ್ಮನ್ನು ಕಾಡುವುದೂ ಇದೇ ಚಿಂತೆ. ಕೆಲಸ ಒಳ್ಳೆಯದೇ, ಅದರ ಲಾರಿಗಳು ಯಾರ ಬಾಗಿಲ ಮುಂದೆ, ಯಾವ ಹೊತ್ತಿನಲ್ಲಿ ಹಾಯಬೇಕು?

ಲಂಡನ್ ನಗರದಲ್ಲಿ ಭಾರಿ ಒಳಚರಂಡಿ ಸುರಂಗವೊಂದರ ಕಾಮಗಾರಿಗೆ ಸಿದ್ಧತೆ ನಡೆದಾಗ ಅಲ್ಲಿನ ನಿವಾಸಿಗಳು ಇದೇ ಪ್ರಶ್ನೆ ಎತ್ತಿದರು. ಅವರು ಏನು ಕೇಳಿದರು, ಏನು ದೊರೆಯಿತು, ಏನು ದೊರೆಯಲಿಲ್ಲ ಎಂಬುದನ್ನು ತಿಳಿದುಕೊಂಡರೆ ನಮಗೂ ಪ್ರಯೋಜನವಿದೆ.

ಸುರಂಗ ಏಕೆ ಬೇಕಾಯಿತು?

1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಹಿಸಲಾಗದಷ್ಟು ಹೆಚ್ಚಿದ ಬಳಿಕ ಇಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್ ಲಂಡನ್ನಿಗೆ ಬೃಹತ್ ಒಳಚರಂಡಿ ಜಾಲವನ್ನು ಕಟ್ಟಿದರು. ಅದರಲ್ಲಿ ಮಳೆನೀರು ಮತ್ತು ಕೊಳಚೆನೀರು ಒಂದೇ ಕಾಲುವೆಯಲ್ಲಿ ಹರಿಯುತ್ತವೆ. ಜನಸಂಖ್ಯೆ ಬೆಳೆದಂತೆ ಕಾಲುವೆಗಳು ಸಾಲದೆ, ಮಳೆ ಬಂದಾಗಲೆಲ್ಲ ಕೊಳಚೆ ಉಕ್ಕಿ ನೇರವಾಗಿ ನದಿ ಸೇರತೊಡಗಿತು. ಇದನ್ನು ತಡೆಯಲು ಯೋಜಿಸಿದ್ದೇ ಥೇಮ್ಸ್ ಟೈಡ್‌ವೇ ಸುರಂಗ. ಪಶ್ಚಿಮದ ಆಕ್ಟನ್‌ನಿಂದ ಪೂರ್ವದ ಆಬಿ ಮಿಲ್ಸ್‌ವರೆಗೆ 25 ಕಿ.ಮೀ. ಉದ್ದ, 7.2 ಮೀಟರ್ ವ್ಯಾಸ. 2014ರ ಸೆಪ್ಟೆಂಬರಿನಲ್ಲಿ ಸರ್ಕಾರದ ಅನುಮತಿ ದೊರೆತು, 2025ರ ಫೆಬ್ರವರಿಯಲ್ಲಿ ಅದು ಪೂರ್ಣವಾಗಿ ಜೋಡಣೆಗೊಂಡಿತು.

ಮಣ್ಣಿನ ಲೆಕ್ಕ

ಇಂತಹ ಕಾಮಗಾರಿಯ ಕಷ್ಟ ಅರ್ಥವಾಗಬೇಕಾದರೆ ಒಂದು ಸರಳ ಲೆಕ್ಕ ಮಾಡಿ ನೋಡೋಣ. ಸುರಂಗದ ಒಳವ್ಯಾಸವನ್ನಷ್ಟೇ ಹಿಡಿದರೂ, ಒಂದು ಮೀಟರ್ ಮುಂದೆ ಕೊರೆದರೆ ಸುಮಾರು 40 ಘನಮೀಟರ್ ಮಣ್ಣು ಹೊರಬರುತ್ತದೆ. ಒಂದು ಟಿಪ್ಪರ್ 10 ಘನಮೀಟರ್ ಹೊರುತ್ತದೆಂದುಕೊಂಡರೆ ಮೀಟರಿಗೆ ನಾಲ್ಕು ಲೋಡು. ಖಾಲಿ ಗಾಡಿ ಬರುವುದನ್ನೂ ಸೇರಿಸಿದರೆ ರಸ್ತೆಯಲ್ಲಿ ಎಂಟು ಓಡಾಟ. ಇನ್ನು 25 ಸಾವಿರ ಮೀಟರಿಗೆ ಎಷ್ಟಾಯಿತು? ಸುರಂಗ ನೆಲದಡಿಯಲ್ಲಿ ಕಣ್ಣಿಗೆ ಬೀಳದೆ ಇರಬಹುದು. ಅದರ ಮಣ್ಣು ಮಾತ್ರ ಯಾರದೋ ಮನೆಯ ಮುಂದಿನಿಂದಲೇ ಹೋಗಬೇಕು.

ಹೀಗಾಗಿ 2010ರಲ್ಲಿ ಜನಾಭಿಪ್ರಾಯ ಸಂಗ್ರಹ ಆರಂಭವಾದಾಗ ಯೋಜಿತ ಸ್ಥಳಗಳ ನೆರೆಹೊರೆಯವರು ಎಚ್ಚೆತ್ತರು. ಬಾರ್ನ್ ಎಲ್ಮ್ಸ್ ಮೈದಾನ ಮತ್ತು ಕಿಂಗ್ಸ್ ಸ್ಟೇರ್ಸ್ ಉದ್ಯಾನಗಳಲ್ಲಿ ಸುರಂಗದ ಬಾವಿ ತೋಡುವುದಕ್ಕೆ ತೀವ್ರ ವಿರೋಧ ಬಂತು. 2011ರ ಎರಡನೇ ಸುತ್ತಿನಲ್ಲಿ ಇವುಗಳನ್ನು ಕೈಬಿಟ್ಟು ಕಾರ್ನ್‌ವಾತ್ ರಸ್ತೆ ಮತ್ತು ಚೇಂಬರ್ಸ್ ವಾರ್ಫ್ ಎಂಬ ನದಿದಂಡೆಯ ಸ್ಥಳಗಳನ್ನು ಆರಿಸಲಾಯಿತು. ಉದ್ಯಾನಗಳು ಉಳಿದವು. ಆದರೆ ಹೊರೆ ಮಾಯವಾಗಲಿಲ್ಲ, ಮತ್ತೊಂದು ಬೀದಿಯ ಹೆಗಲಿಗೆ ಬಿತ್ತು. ಚೇಂಬರ್ಸ್ ವಾರ್ಫ್ ಸುತ್ತ ಮನೆಗಳಿವೆ, ಶಾಲೆಗಳಿವೆ. ಸಂತ ಮೈಕಲರ ಕಥೋಲಿಕ ಶಾಲೆಯೂ ಅಲ್ಲೇ ಸಮೀಪದಲ್ಲಿದೆ. ಅಲ್ಲಿನವರೂ ಆಕ್ಷೇಪ ಸಲ್ಲಿಸಿದರು.

ನದಿಯೇ ದಾರಿಯಾಯಿತು, ಎಲ್ಲರಿಗೂ ಅಲ್ಲ

ಆಕ್ಷೇಪಗಳ ತಿರುಳು ಒಂದೇ: ನದಿ ಪಕ್ಕದಲ್ಲೇ ಇರುವಾಗ ಮಣ್ಣನ್ನು ಲಾರಿಯಲ್ಲಿ ಏಕೆ ಸಾಗಿಸಬೇಕು? ನದಿ ಸಾರಿಗೆ ಕಂಪೆನಿಯ ಯೋಜನೆಯಲ್ಲಿಯೂ ಇತ್ತು. ಅದನ್ನು ಇನ್ನಷ್ಟು ಹೆಚ್ಚಿಸಬೇಕು, ಬಾಯಿಮಾತಿನಲ್ಲಿ ಬಿಡದೆ ಷರತ್ತಾಗಿಸಬೇಕು ಎಂಬುದು ಜನರ ಒತ್ತಾಯವಾಗಿತ್ತು. ಕೊನೆಗೆ ನದಿ ಸಾರಿಗೆ ಮತ್ತು ವಾಹನ ಸಂಚಾರದ ಕಟ್ಟುಪಾಡುಗಳು ಅನುಮತಿಯ ಭಾಗವಾದವು. ಸುಮಾರು 50 ಲಕ್ಷ ಟನ್ ಸಾಮಗ್ರಿ ದೋಣಿಗಳಲ್ಲಿ ಸಾಗಿ, ಲಕ್ಷಾಂತರ ಲಾರಿ ಓಡಾಟಗಳು ತಪ್ಪಿದವೆಂದು ಕಂಪೆನಿ ಹೇಳಿಕೊಂಡಿದೆ.

ಆದರೆ ಡೆಟ್‌ಫರ್ಡ್ ಚರ್ಚ್ ಸ್ಟ್ರೀಟಿನ ಕಥೆ ಬೇರೆ. ಈ ಸ್ಥಳ ನದಿದಂಡೆಯಲ್ಲಿಲ್ಲ. ಒಂದು ಬದಿಗೆ 18ನೇ ಶತಮಾನದ ಸಂತ ಪೌಲರ ಆಂಗ್ಲಿಕನ್ ದೇವಾಲಯ, ಹತ್ತಿರದಲ್ಲೇ ಸಂತ ಜೋಸೆಫರ ಕಥೋಲಿಕ ಪ್ರಾಥಮಿಕ ಶಾಲೆ. ಧೂಳು, ಸದ್ದು, ಲಾರಿಗಳ ನಡುವೆ ಮಕ್ಕಳು ಕಲಿಯುವುದು ಹೇಗೆ ಎಂದು ನಿವಾಸಿಗಳು ಕೇಳಿದರು. ಸ್ಥಳೀಯ ಪಾಲಿಕೆಯೂ ಆಕ್ಷೇಪಿಸಿತು. ಆದರೂ ಸ್ಥಳ ಬದಲಾಗಲಿಲ್ಲ. ಅಲ್ಲಿನ ಮಣ್ಣು ರಸ್ತೆಯಲ್ಲೇ ಹೋಯಿತು. ಇಡೀ ಅನುಮತಿಯನ್ನೇ ಪ್ರಶ್ನಿಸಿ ಒಂದು ಗುಂಪು ಸಲ್ಲಿಸಿದ ಅರ್ಜಿ ಗಡುವು ಮೀರಿತ್ತೆಂಬ ಕಾರಣಕ್ಕೆ 2015ರಲ್ಲಿ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

ನಮಗೇನು ಪಾಠ?

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಮೊದಲನೆಯದು, ಸಾಗಾಟದ ದಾರಿಯನ್ನು ಪ್ರಶ್ನಿಸುವುದು ಕಾಮಗಾರಿಗೆ ಅಡ್ಡಗಾಲು ಹಾಕಿದಂತಲ್ಲ. ಎರಡನೆಯದು, ಗುದ್ದಲಿ ಬೀಳುವ ಮೊದಲು ಕೇಳಿದ್ದಕ್ಕೆ ಬೆಲೆ ಹೆಚ್ಚು; ತಡವಾದರೆ ನ್ಯಾಯವಾದ ಮಾತಿಗೂ ಬಾಗಿಲು ಮುಚ್ಚಬಹುದು.

ನಮ್ಮಲ್ಲಿಯೂ ಕೇಳಲು ದಾರಿಗಳಿವೆ. ಬೆಂಗಳೂರಿನ ಹೊರಗಿನ ಪಟ್ಟಣಗಳ ಒಳಚರಂಡಿ ಯೋಜನೆಗಳನ್ನು ಹೆಚ್ಚಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕೈಗೊಳ್ಳುತ್ತದೆ. ಕಾಮಗಾರಿಯ ನಕ್ಷೆ, ಗುತ್ತಿಗೆಯ ಷರತ್ತುಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮು ಸಾರ್ವಜನಿಕ ಸುರಕ್ಷತೆಗಾಗಿ ನಿರ್ದಿಷ್ಟ ರಸ್ತೆಯಲ್ಲಿ ವಾಹನಗಳನ್ನು ನಿರ್ಬಂಧಿಸಲು ಅವಕಾಶ ನೀಡುತ್ತದೆ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಜಿಲ್ಲಾಧಿಕಾರಿಗಳು ಘನವಾಹನಗಳನ್ನು ತಡೆದದ್ದು ನಮ್ಮ ಓದುಗರಿಗೆ ನೆನಪಿದ್ದೀತು.

ಆದ್ದರಿಂದ ನಮ್ಮ ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಇಂತಹ ಕೆಲಸ ಬಂದಾಗ ಪಾಲನಾ ಮಂಡಳಿಯವರು, ಗುರಿಕಾರರು ನೆರೆಯ ಎಲ್ಲ ಧರ್ಮದವರನ್ನು ಜೊತೆಗೂಡಿಸಿ ಕೆಲವು ಪ್ರಶ್ನೆಗಳನ್ನು ಬರೆದು ಕೊಡಲಿ. ದಿನಕ್ಕೆ ಎಷ್ಟು ಲಾರಿ? ಯಾವ ರಸ್ತೆ? ಶಾಲೆ ಸೇರುವ, ಬಿಡುವ ಹೊತ್ತಿನಲ್ಲಿ ನಿಲ್ಲಿಸುವಿರಾ? ತಪ್ಪಿದರೆ ಯಾರಿಗೆ ದೂರು? ನಮ್ಮ ಬೀದಿಯಿಂದ ತಪ್ಪಿಸಿದ ಲಾರಿ ಬೇರೆ ಬಡವರ ಬೀದಿಗೆ ಹೋಗುವುದಿಲ್ಲ ತಾನೆ? ಈ ಕೊನೆಯ ಪ್ರಶ್ನೆಯನ್ನು ಮರೆತರೆ ನಾವು ಕೇಳಿದ್ದು ನ್ಯಾಯವಾಗದು.