ತುಕ್ಕಿಗೆ ಮದ್ದು ಹಳೆಯ ಗೋಧಿಯಲ್ಲಿ

ಗೋಧಿಯ ಕಾಂಡಕ್ಕೆ ತುಕ್ಕು ಹತ್ತಿದ್ದು ಕೈಯಾಡಿಸಿದರೇ ಗೊತ್ತಾಗುತ್ತದೆ. ಸಿಪ್ಪೆ ಹರಿದುಕೊಂಡು ಎದ್ದ ಉದ್ದನೆಯ ಗುಳ್ಳೆಗಳು ಬೆರಳಿಗೆ ಒರಟಾಗಿ ತಾಗುತ್ತವೆ, ಇಟ್ಟಿಗೆ ಬಣ್ಣದ ಪುಡಿ ಮೆತ್ತಿಕೊಳ್ಳುತ್ತದೆ. ಆ ಪುಡಿಯ ಕಣ ಕಣವೂ ಪಕ್ಸಿನಿಯಾ ಗ್ರಾಮಿನಿಸ್ ಎಂಬ ಶಿಲೀಂಧ್ರದ ಬೀಜಕ. ಗಾಳಿ ಹಿಡಿದರೆ ನೂರಾರು ಕಿಲೋಮೀಟರ್ ಸಾಗುತ್ತದೆ. ದಕ್ಷಿಣದ ಹೊಲಗಳಿಗೆ ಈ ರೋಗ ನೀಲಗಿರಿ, ಪಳನಿ ಬೆಟ್ಟಗಳಿಂದ ಇಳಿದು ಬರುತ್ತದೆ ಎಂದು ಆಗ್ರಾದ ಸಸ್ಯವಿಜ್ಞಾನಿ ಕೆ. ಸಿ. ಮೆಹ್ತಾ ಕಳೆದ ಶತಮಾನದ ಮೊದಲರ್ಧದಲ್ಲೇ ತೋರಿಸಿಕೊಟ್ಟರು. ಬಯಲಿನ ಬಿಸಿಲಿಗೆ ಸಾಯುವ ಶಿಲೀಂಧ್ರ ಬೆಟ್ಟದ ತಂಪಿನಲ್ಲಿ ವರ್ಷವಿಡೀ ಬದುಕಿರುತ್ತದೆ.

ತುಕ್ಕನ್ನು ತಡೆಯುವ ವಂಶವಾಹಿ ಗೋಧಿಯೊಳಗೇ ಇದ್ದರೆ ಔಷಧಿ ಸಿಂಪಡಿಸುವ ಖರ್ಚೇ ಇಲ್ಲ. ಆದರೆ ಒಂದೇ ವಂಶವಾಹಿಯನ್ನು ನಂಬಿದರೆ ಏನಾಗುತ್ತದೆ ಎನ್ನುವುದನ್ನು ಉಗಾಂಡ ಕಲಿಸಿತು. ರೈ ಎಂಬ ಧಾನ್ಯದಿಂದ ಬಂದ ಎಸ್‌ಆರ್31 ವಂಶವಾಹಿ ಜಗತ್ತಿನ ಎಷ್ಟೋ ಗೋಧಿ ತಳಿಗಳನ್ನು ದಶಕಗಳ ಕಾಲ ಕಾಪಾಡಿತ್ತು. 1998ರಲ್ಲಿ ಉಗಾಂಡದ ಹೊಲಗಳಲ್ಲಿ ಅದಕ್ಕೂ ಬಗ್ಗದ ತುಕ್ಕು ಕಾಣಿಸಿತು. ಮರುವರ್ಷ ಅದಕ್ಕೆ ಯುಜಿ99 ಎಂಬ ಹೆಸರು ಬಿತ್ತು. ಕೀನ್ಯಾ, ಇಥಿಯೋಪಿಯಾ ದಾಟಿ ಯೆಮನ್ ಮುಟ್ಟಿ, 2007ರ ಹೊತ್ತಿಗೆ ಇರಾನಿನಲ್ಲಿತ್ತು. ವೃದ್ಧಾಪ್ಯದಲ್ಲಿದ್ದ ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಎಲ್ಲರನ್ನೂ ಎಚ್ಚರಿಸಿದರು. ಹೊಸ ವಂಶವಾಹಿಗಳ ಹುಡುಕಾಟ ಬಿರುಸಾಯಿತು. ಕೀನ್ಯಾದ ನ್ಜೋರೊದಲ್ಲಿ ರೋಗದ ನಡುವೆಯೇ ದೇಶದೇಶಗಳ ಗೋಧಿಯನ್ನು ಬಿತ್ತಿ ಪರೀಕ್ಷಿಸಿದರು.

ಹುಡುಕುವ ಕೆಲಸ ನಿಧಾನದ್ದು. ಕುಂಡದಲ್ಲಿ ಮೊದಲ ಎಲೆ ಬಿಚ್ಚಿದ ಸಸಿಗಳ ಮೇಲೆ ಬೀಜಕಗಳನ್ನು ಎಣ್ಣೆಯಲ್ಲಿ ಬೆರೆಸಿ ಸಿಂಪಡಿಸುತ್ತಾರೆ, ರಾತ್ರಿಯಿಡೀ ಇಬ್ಬನಿಯಂಥ ತೇವದಲ್ಲಿ ಇಡುತ್ತಾರೆ. ಎರಡು ವಾರ ಬಿಟ್ಟು ಎಲೆ ನೋಡಿದರೆ ಫಲಿತಾಂಶ ಅಲ್ಲೇ ಬರೆದಿರುತ್ತದೆ. ಸೋತ ಸಸಿಯಲ್ಲಿ ದಪ್ಪ ಗುಳ್ಳೆಗಳು. ಗೆದ್ದ ಸಸಿಯಲ್ಲಿ ಸೂಜಿಮೊನೆಯಷ್ಟು ಬಿಳಿಚಿದ ಚುಕ್ಕೆ ಮಾತ್ರ. ಆ ಚುಕ್ಕೆಯ ಜಾಗದ ಜೀವಕೋಶಗಳು ತಾವೇ ಸತ್ತಿವೆ. ತುಕ್ಕು ತಡೆಯುವ ವಂಶವಾಹಿ ಜೀವಕೋಶದ ಒಳಗೆ ರೂಪಿಸಿದ ಒಂದು ಪ್ರೋಟೀನು ಶಿಲೀಂಧ್ರ ಒಳತೂರಿಸಿದ ಅಣುವನ್ನು ಗುರುತಿಸಿದ ಕೂಡಲೇ ಕೋಶಕ್ಕೆ ಸಾವಿನ ಆಜ್ಞೆ ಕೊಡುತ್ತದೆ. ಜೀವಂತ ಕೋಶದಲ್ಲಷ್ಟೇ ಉಣ್ಣಬಲ್ಲ ತುಕ್ಕು ಅಲ್ಲೇ ಉಪವಾಸ ಬೀಳುತ್ತದೆ. ಶಿಲೀಂಧ್ರ ಆ ಅಣುವನ್ನು ತುಸು ಬದಲಿಸಿಕೊಂಡರೆ ಗುರುತು ತಪ್ಪುತ್ತದೆ. ಆಗ ವಂಶವಾಹಿ ಸೋಲುತ್ತದೆ.

ಈ ಕಥೆಯಲ್ಲಿ ನನಗೆ ಅತ್ಯಂತ ಹತ್ತಿರವಾದದ್ದು ನಮ್ಮ ಖಪ್ಲಿ. ಉತ್ತರ ಕರ್ನಾಟಕದಲ್ಲಿ ಸದಕ ಎಂದು ಕರೆದು ಹುಗ್ಗಿ ಮಾಡುತ್ತೇವಲ್ಲ, ಅದೇ ಬಗೆಯ ಹೊಟ್ಟು ಬಿಡದ ಗೋಧಿ. ತುಕ್ಕಿನ ಪ್ರಭೇದಗಳನ್ನು ಗುರುತಿಸಲು ಅಮೆರಿಕದ ಮಿನ್ನೆಸೋಟದ ಸಸ್ಯರೋಗ ವಿಜ್ಞಾನಿ ಸ್ಟ್ಯಾಕ್‌ಮನ್ ಆರಿಸಿಕೊಂಡ 12 ಗೋಧಿಗಳಲ್ಲಿ ಖಪ್ಲಿಯೂ ಒಂದು. ಆಸ್ಟ್ರೇಲಿಯಾದಲ್ಲಿ ವಿಜ್ಞಾನಿ ವಾಟರ್‌ಹೌಸ್ ಇದನ್ನು ಸ್ಟೈನ್‌ವೆಡೆಲ್ ಎಂಬ ರೊಟ್ಟಿ ಗೋಧಿಯ ಜೊತೆ ಸಂಕರಿಸಿ ಖಪ್‌ಸ್ಟೈನ್ ಪಡೆದರು. ಅದು ಸುಲಭದ ಸಂಕರವಲ್ಲ. ಖಪ್ಲಿಯ ವರ್ಣತಂತುಗಳು 28, ರೊಟ್ಟಿ ಗೋಧಿಯವು 42. ಹುಟ್ಟುವ ಗಿಡದಲ್ಲಿ 35 ಉಳಿದು, ಬಹುಪಾಲು ತೆನೆ ಜೊಳ್ಳಾಗುತ್ತದೆ. ಆದರೂ ಎರಡಕ್ಕೂ ಸಮಾನವಾದ ವರ್ಣತಂತುಗಳ ಮೂಲಕ ವಂಶವಾಹಿ ದಾಟಿತು. ಅದೇ ಎಸ್‌ಆರ್13. ಅದರ ರಾಸಾಯನಿಕ ಅಕ್ಷರಮಾಲೆ ಬಿಡಿಸಿದ್ದು 2017ರಲ್ಲಿ. ಯುಜಿ99ನ್ನು ಅದು ತಡೆಯುತ್ತದೆ, ಅದೂ 25 ಡಿಗ್ರಿಯ ಬೆಚ್ಚಗಿನ ಹವೆಯಲ್ಲಿ ಇನ್ನಷ್ಟು ಗಟ್ಟಿಯಾಗಿ. ಬೂದಿ ರೋಗ ತಡೆಯುವ ಪಿಎಂ4ಎ ಸಹ ಖಪ್ಲಿಯ ಕೊಡುಗೆಯೇ.

ಹಾಗೆಂದು ಎಸ್‌ಆರ್13 ಒಂದನ್ನೇ ಕೂಡಿಸಿ ಬಿತ್ತುವುದು ತಪ್ಪು. ಅದನ್ನು ಮೀರುವ ತುಕ್ಕು ಇಥಿಯೋಪಿಯಾದಲ್ಲಿ ಈಗಾಗಲೇ ಇದೆ. ಮೂರು ನಾಲ್ಕು ವಂಶವಾಹಿಗಳನ್ನು ಒಂದೇ ತಳಿಯಲ್ಲಿ ಸೇರಿಸಿದರೆ ಎಲ್ಲವನ್ನೂ ಏಕಕಾಲಕ್ಕೆ ಮೀರುವುದು ಶಿಲೀಂಧ್ರಕ್ಕೆ ಬಹಳ ಕಷ್ಟ. ಅಷ್ಟು ವಂಶವಾಹಿ ಬೇಕೆಂದರೆ ಅಷ್ಟು ಬಗೆಯ ಹಳೆಯ ಗೋಧಿ ಉಳಿದಿರಬೇಕು. ನಿಮ್ಮ ಮನೆಯ ಹಗೇವಿನಲ್ಲೋ ಅಟ್ಟದ ಮೇಲೋ ಅಜ್ಜನ ಕಾಲದ ಗೋಧಿ ಬೀಜ ಇದ್ದರೆ ಹೊಲದ ಮೂಲೆಯಲ್ಲಿ ನಾಲ್ಕು ಸಾಲು ಬಿತ್ತಿ ಇಟ್ಟುಕೊಳ್ಳಿ. ಒಂದು ಬೊಗಸೆಯನ್ನು ಹತ್ತಿರದ ಕೃಷಿ ವಿಶ್ವವಿದ್ಯಾಲಯಕ್ಕೂ ಒಪ್ಪಿಸಿ.